ಬೋರೆಹಣ್ಣಿನಷ್ಟು ಊಟ: ಸಮೃದ್ಧಿಯ ನಾಡುಗಳ ಚಿತ್ರಗಳನ್ನು ನೋಡುವ ಬಗೆ

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ವಾರ್ಷಿಕ ಪ್ರದರ್ಶನಕ್ಕೆಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಸಮೃದ್ಧಿ’ ಎಂಬ ವಿಷಯ ಕೊಟ್ಟಿದ್ದೆ. ಹೊಲ, ತೆನೆ, ಎತ್ತಿನಗಾಡಿ ಬರೆಯುತ್ತಾರೆಂದು ಎಣಿಸಿದ್ದೆ. ಹೆಚ್ಚಿನವರು ಬರೆದದ್ದು ಐಸ್‌ಕ್ರೀಮಿನ ಬೆಟ್ಟ, ಚಾಕೊಲೇಟ್ ಹೊಳೆ, ಪಿಜ್ಜಾ ಚಾವಣಿಯ ಮನೆ. ಒಬ್ಬ ಹುಡುಗನಂತೂ ದೊಡ್ಡ ಬೆಣ್ಣೆದೋಸೆಯನ್ನೇ ಹಾಸಿಗೆ ಮಾಡಿ, ಬೆಣ್ಣೆಯ ಉಂಡೆಯನ್ನು ತಲೆದಿಂಬಾಗಿಸಿ, ಅದರ ಮೇಲೆ ತಾನು ಮಲಗಿರುವಂತೆ ಬರೆದಿದ್ದಾನೆ. ಇದೆಲ್ಲ ಜಾಹೀರಾತಿನ ಪ್ರಭಾವ, ಪ್ರದರ್ಶನಕ್ಕೆ ಇಡುವುದು ಬೇಡ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮತ್ತೊಬ್ಬರು ಬ್ರೂಗಲ್ ಎಂಬ ಹಳೆಯ ಚಿತ್ರಕಾರನ ಇಂಥದೇ ಚಿತ್ರವೊಂದನ್ನು ಮೊಬೈಲಿನಲ್ಲಿ ತೋರಿಸಿದರು. ಇಂಥ ಚಿತ್ರಗಳಿಗೆ ಕಲೆಯ ಇತಿಹಾಸದಲ್ಲಿ ಸ್ಥಾನವಿದೆಯೇ? ನಮ್ಮಲ್ಲೂ ಈ ಕಲ್ಪನೆ ಇತ್ತೇ? ಅಂಗಡಿಗಳು ತುಂಬಿ ತುಳುಕುವ ಈ ಕಾಲದ ಕಲಾವಿದರು ಏನು ಮಾಡುತ್ತಿದ್ದಾರೆ? ಮಕ್ಕಳಿಗೆ ನಾನು ಏನು ಹೇಳಲಿ?

ಉತ್ತರ: ಆ ಬೆಣ್ಣೆದೋಸೆಯ ಹಾಸಿಗೆಯನ್ನು ದಯವಿಟ್ಟು ಪ್ರದರ್ಶನದಲ್ಲಿ ಇಡಿ. ಪಿಜ್ಜಾ, ಚಾಕೊಲೇಟುಗಳನ್ನು ಮಕ್ಕಳಿಗೆ ಜಾಹೀರಾತುಗಳು ಕೊಟ್ಟಿರಬಹುದು; ಆದರೆ ತಿನಿಸಿನಿಂದಲೇ ಕಟ್ಟಿದ ಮನೆ, ತಿನಿಸಿನ ಬೆಟ್ಟ, ತಿನಿಸಿನ ಹೊಳೆ ಎಂಬ ಕಲ್ಪನೆ ಜಾಹೀರಾತು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲಿನದು. 13ನೆಯ ಶತಮಾನದ ಫ್ರೆಂಚ್ ಪದ್ಯವೊಂದು ಕೊಕಾನ್ಯ ಎಂಬ ನಾಡನ್ನು ವರ್ಣಿಸುತ್ತದೆ. ಅಲ್ಲಿ ಯಾರು ಹೆಚ್ಚು ಹೊತ್ತು ನಿದ್ದೆ ಮಾಡುತ್ತಾರೋ ಅವರಿಗೆ ಹೆಚ್ಚು ಗಳಿಕೆ. ಮರುಶತಮಾನದ ಇಂಗ್ಲಿಷ್ ಪದ್ಯವೊಂದರಲ್ಲಿ ಸನ್ಯಾಸಿಗಳ ಮಠದ ಗೋಡೆಗಳೇ ಮಾಂಸದ ಕಡುಬುಗಳು. ಇಟಲಿಯ ಬೊಕಾಚಿಯೊ ಹೇಳುವ ಕಥೆಯೊಂದರಲ್ಲಿ ತುರಿದ ಚೀಸಿನ ಬೆಟ್ಟದ ಮೇಲೆ ಕುಳಿತವರಿಗೆ ಬೆಳಗಿನಿಂದ ಸಂಜೆಯವರೆಗೆ ಕಡುಬು ಬೇಯಿಸಿ ಕೆಳಗೆ ಉರುಳಿಸುವುದೊಂದೇ ಕೆಲಸ. ಜರ್ಮನರಲ್ಲೂ ಇದೇ ನಾಡಿಗೆ ಬೇರೆ ಹೆಸರಿತ್ತು. ಡಚ್ಚರು ಅದನ್ನು ಕರೆದ ಹೆಸರಿನ ಅರ್ಥ ಹೆಚ್ಚುಕಡಿಮೆ ‘ಸೋಮಾರಿಗಳ ಸವಿನಾಡು’ ಎಂದಾಗುತ್ತದೆ. ಈ ಪದ್ಯಗಳನ್ನು ಕೇಳುತ್ತಿದ್ದ ಜನ ಹಸಿವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1315ರಿಂದ 1317ರವರೆಗೆ ಉತ್ತರ ಯುರೋಪಿನಲ್ಲಿ ಬಿಡದೆ ಮಳೆ ಸುರಿದು ಪೈರು ಕೊಳೆತು ದೊಡ್ಡ ಕ್ಷಾಮ ಬಿದ್ದಿತ್ತು. ಹೊಟ್ಟೆ ತುಂಬಿದವರ ಕಲ್ಪನೆ ಇದಲ್ಲ.

ನಿಮಗೆ ತೋರಿಸಿದ್ದು ಇದೇ ಸವಿನಾಡಿನ ಚಿತ್ರ. ಅದನ್ನು ಪೀಟರ್ ಬ್ರೂಗಲ್ 1567ರಲ್ಲಿ ಬರೆದ. ಈಗ ಅದು ಜರ್ಮನಿಯ ಮ್ಯೂನಿಕ್ ನಗರದ ಸಂಗ್ರಹಾಲಯದಲ್ಲಿದೆ. ಹಲಗೆಯ ಮೇಲಿನ ತೈಲಚಿತ್ರ. ಅಗಲ ಒಂದು ಮೀಟರ್ ಕೂಡ ಇಲ್ಲ. ಮೊಬೈಲಿನ ಪರದೆಯಲ್ಲಿ ನೋಡಿದಾಗ ನಗು ತರಿಸುವ ವಿವರಗಳಷ್ಟೇ ಕಾಣುತ್ತವೆ: ಬೆನ್ನಿಗೆ ಚೂರಿ ಸಿಕ್ಕಿಸಿಕೊಂಡು ಓಡುವ ಸುಟ್ಟ ಹಂದಿ, ಕಾಲು ಮೂಡಿದ ಮೊಟ್ಟೆ, ಸಾಸೇಜುಗಳನ್ನು ಹೆಣೆದ ಬೇಲಿ, ಕಡುಬುಗಳನ್ನು ಹೆಂಚಿನಂತೆ ಹೊದಿಸಿದ ಚಾವಣಿ, ಗಂಜಿಯ ಬೆಟ್ಟವನ್ನು ಕೊರೆದುಕೊಂಡು ಆಚೆಯಿಂದ ಈ ನಾಡಿಗೆ ಇಳಿಯುತ್ತಿರುವ ಒಬ್ಬ ಮನುಷ್ಯ. ನಡುವೆ ಒಂದು ಮರ. ಅದರ ಕಾಂಡವನ್ನು ಸುತ್ತುವರಿದ ಮೇಜಿನ ಮೇಲೆ ಊಟದ ತಟ್ಟೆಗಳು. ಮರದ ಬುಡದಲ್ಲಿ ಚಕ್ರದ ಅರೆಕಾಲುಗಳಂತೆ ಚಾಚಿಕೊಂಡು ಮಲಗಿದ ಮೂವರು.

ಈ ಮೂವರನ್ನು ಹತ್ತಿರದಿಂದ ನೋಡಬೇಕು. ಒಬ್ಬ ಸೈನಿಕ, ಅವನ ಈಟಿ ಪಕ್ಕದಲ್ಲಿ ಬಿದ್ದಿದೆ. ಒಬ್ಬ ಓದುಬರಹದವನು, ಅವನ ಪುಸ್ತಕವೂ ಬಿದ್ದಿದೆ, ಕಣ್ಣು ಮಾತ್ರ ತೆರೆದೇ ಇದೆ. ಮೂರನೆಯವನು ರೈತ. ಅವನು ಮಲಗಿರುವುದು ಕಣದಲ್ಲಿ ತೆನೆ ಬಡಿಯುವ ಕೋಲಿನ ಮೇಲೆ. ಇಷ್ಟು ಊಟ ಸುತ್ತ ಹರಡಿರುವಾಗಲೂ ಈ ಮೂವರಲ್ಲಿ ಒಬ್ಬನೂ ಉಣ್ಣುತ್ತಿಲ್ಲ. ಸಮೃದ್ಧಿಯ ಚಿತ್ರ ಯಾವುದೇ ಇರಲಿ, ನಾನು ಮೊದಲು ಹುಡುಕುವುದು ಆ ಕೋಲನ್ನು. ಊಟ ಎಷ್ಟಿದೆ ಎಂಬುದನ್ನು ಚಿತ್ರ ತಾನಾಗಿ ಹೇಳುತ್ತದೆ. ಆ ಊಟವನ್ನು ತಂದ ದುಡಿಮೆಯನ್ನು ಕಲಾವಿದ ಎಲ್ಲಿಟ್ಟಿದ್ದಾನೆ, ಕೆಳಗೆ ಬೀಳಿಸಿದ್ದಾನೆಯೇ, ಮುಚ್ಚಿದ್ದಾನೆಯೇ, ಪೂರ್ತಿ ಅಳಿಸಿದ್ದಾನೆಯೇ ಎಂಬುದನ್ನು ಮಾತ್ರ ನಾವೇ ಹುಡುಕಬೇಕು.

ಇದೇ ಬ್ರೂಗಲ್ ಎರಡು ವರ್ಷ ಮೊದಲು, 1565ರಲ್ಲಿ, ಗೋಧಿ ಕೊಯ್ಲಿನ ದೊಡ್ಡ ಚಿತ್ರವೊಂದನ್ನು ಬರೆದಿದ್ದ. ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಅದರಲ್ಲೂ ಒಂದು ಮರವಿದೆ, ಮರದ ಬುಡದಲ್ಲಿ ಕಾಲು ಅಗಲಿಸಿ ಮಲಗಿದ ಒಬ್ಬ ಗಂಡಸಿದ್ದಾನೆ. ಆದರೆ ಅವನ ಪಕ್ಕದಲ್ಲೇ ಹೆಂಗಸರು ಗಂಡಸರು ಕುಳಿತು ರೊಟ್ಟಿ ತಿನ್ನುತ್ತಿದ್ದಾರೆ. ಆಚೆಗೆ ಇನ್ನೂ ಕೊಯ್ಯದ ಪೈರು ಗೋಡೆಯಂತೆ ನಿಂತಿದೆ, ಕುಡುಗೋಲು ಬೀಸುವವರು ಬೀಸುತ್ತಲೇ ಇದ್ದಾರೆ. ಭಂಗಿ ಬಹುತೇಕ ಒಂದೇ. ಒಬ್ಬನದು ದಣಿದ ಮೈಯ ನಿದ್ದೆ, ಮತ್ತೊಬ್ಬನದು ಹೊಟ್ಟೆ ಬಿರಿದು ಬಂದ ಮಂಪರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಿ, ವ್ಯತ್ಯಾಸವನ್ನು ಅವರೇ ಹೇಳಲಿ. ಸವಿನಾಡಿನ ಚಿತ್ರ ಬರೆದ 1567 ಸುಖದ ವರ್ಷವಾಗಿರಲಿಲ್ಲ. ಸ್ಪೇನಿನ ದೊರೆ ಕಳಿಸಿದ ಆಲ್ಬಾ ಡ್ಯೂಕನ ಸೈನ್ಯ ಆ ಬೇಸಿಗೆಯಲ್ಲೇ ಬ್ರೂಗಲ್ ನೆಲೆಸಿದ್ದ ಬ್ರಸೆಲ್ಸ್ ನಗರವನ್ನು ಹೊಕ್ಕಿತ್ತು. ಅಂಥ ಹೊತ್ತಿನಲ್ಲಿ ಹೊಟ್ಟೆ ಬಿರಿದು ಮಲಗಿದವರನ್ನು ಬರೆದದ್ದರಲ್ಲಿ ತನ್ನ ಜನರ ಬಗೆಗಿನ ಕಳವಳವೂ ಇದೆ ಎಂದು ನನಗೆ ತೋರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಮ್ಮಲ್ಲಿ ಕಾಮಧೇನು ಇದೆ, ಅಕ್ಷಯಪಾತ್ರೆ ಇದೆ, ಮಹಾಭಾರತದ ಭೀಷ್ಮಪರ್ವ ವರ್ಣಿಸುವ ಉತ್ತರಕುರುವಿನಲ್ಲಿ ಷಡ್ರಸಗಳ ಹಾಲು ಸುರಿಸುವ ಮರಗಳಿವೆ. ಆದರೆ ಕನ್ನಡದಲ್ಲಿ ಈ ಕಲ್ಪನೆ ಅತ್ಯಂತ ಸೊಗಸಾಗಿ ಬೆಳೆದದ್ದು ಜೈನರ ಭೋಗಭೂಮಿಯಲ್ಲಿ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ವಜ್ರಜಂಘ, ಶ್ರೀಮತಿ ಎಂಬ ದಂಪತಿ ಸತ್ತು ಮತ್ತೆ ಹುಟ್ಟುವುದು ಇಂಥ ನಾಡಿನಲ್ಲೇ. ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು: ಊಟ ಕೊಡುವುದು ಭೋಜನಾಂಗ, ಪಾತ್ರೆ ಕೊಡುವುದು ಭಾಜನಾಂಗ, ಬಟ್ಟೆ ಕೊಡುವುದು ವಸ್ತ್ರಾಂಗ, ವಾದ್ಯ ಕೊಡುವುದು ತೂರ್ಯಾಂಗ, ಹೀಗೆ. ಉಳುವುದಿಲ್ಲ, ಬಿತ್ತುವುದಿಲ್ಲ, ಬೇಯಿಸುವುದಿಲ್ಲ. ಇಷ್ಟರವರೆಗೆ ಯುರೋಪಿನ ಸವಿನಾಡಿಗೂ ಇದಕ್ಕೂ ಹೆಚ್ಚು ಭೇದವಿಲ್ಲ. ಆದರೆ ಜೈನ ಗ್ರಂಥಗಳು ಹೇಳುವ ಒಂದು ಲೆಕ್ಕವನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಉತ್ತಮ ಭೋಗಭೂಮಿಯ ಜನ ಮೂರು ದಿನ ಕಳೆದು ಒಮ್ಮೆ ಉಣ್ಣುತ್ತಾರೆ. ಅದೂ ಒಂದು ಬೋರೆಹಣ್ಣಿನಷ್ಟು. ಕೇಳಿದ್ದನ್ನು ಕೊಡುವ ಮರದ ಕೆಳಗೆ ನಿಂತವರ ಊಟ ಅಷ್ಟು! ಯುರೋಪಿನ ಪದ್ಯಕಾರ ಸಮೃದ್ಧಿಯನ್ನು ತಿನಿಸಿನ ರಾಶಿಯಲ್ಲಿ ಅಳೆದ. ನಮ್ಮವರು ಹಸಿವಿನ ಕಿರಿದುತನದಲ್ಲಿ ಅಳೆದರು. ಕಾಲ ಇಳಿದಂತೆ ಹಸಿವು ಬೆಳೆಯುತ್ತದೆ, ಊಟಗಳ ನಡುವಿನ ಬಿಡುವು ಕಡಿಮೆಯಾಗುತ್ತದೆ, ಕೊನೆಗೆ ಮರಗಳೇ ಮಾಯವಾಗುತ್ತವೆ. ಆಗ ಹಸಿದು ಬಂದ ಜನರಿಗೆ ಮೊದಲ ತೀರ್ಥಂಕರ ಆದಿನಾಥ ಕೃಷಿಯೇ ಮೊದಲಾದ ಆರು ಕಸುಬುಗಳನ್ನು ಕಲಿಸುತ್ತಾನೆ, ಭೋಗಭೂಮಿ ಕರ್ಮಭೂಮಿಯಾಗುತ್ತದೆ. ಬ್ರೂಗಲನ ರೈತ ಕೆಳಗೆ ಹಾಕಿಕೊಂಡು ಮಲಗಿದ ಕೋಲನ್ನು ಇಲ್ಲಿ ಮನುಷ್ಯನ ಕೈಗೆ ಕೊಡಲಾಗುತ್ತದೆ.

ಇದಕ್ಕೆ ಹೊಂದುವ ಚಿತ್ರ ನೋಡಬೇಕೆಂದರೆ ಮ್ಯೂನಿಕ್‌ಗೆ ಹೋಗಬೇಕಾಗಿಲ್ಲ. ಮಕ್ಕಳನ್ನು ಶ್ರವಣಬೆಳಗೊಳದ ಜೈನಮಠಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಗೋಡೆಗಳ ಮೇಲೆ ತೀರ್ಥಂಕರರ ಕಥೆಗಳ ನಡುವೆ ಒಂದು ಮರದ ಚಿತ್ರವಿದೆ, ಮರದಲ್ಲಿ ಆರು ಜನರಿದ್ದಾರೆ. ಅದು ಆರು ಲೇಶ್ಯೆಗಳ, ಎಂದರೆ ಮನಸ್ಸಿನ ಆರು ಬಣ್ಣಗಳ ಚಿತ್ರ. ಹಸಿದ ಆರು ಮಂದಿ ಹಣ್ಣು ತುಂಬಿದ ನೇರಳೆ ಮರವನ್ನು ಕಂಡರಂತೆ. ಬುಡವನ್ನೇ ಕಡಿಯೋಣ ಎಂದ ಒಬ್ಬ. ಅವನ ಬಣ್ಣ ಕಪ್ಪು. ದೊಡ್ಡ ಕೊಂಬೆ ಸಾಕೆಂದ ಇನ್ನೊಬ್ಬ, ಸಣ್ಣ ಕೊಂಬೆ ಸಾಕೆಂದ ಮತ್ತೊಬ್ಬ, ಗೊಂಚಲು ಸಾಕೆಂದ ನಾಲ್ಕನೆಯವ, ಹಣ್ಣಷ್ಟೇ ಕೀಳೋಣವೆಂದ ಐದನೆಯವ. ಉದುರಿ ಬಿದ್ದದ್ದನ್ನು ಆಯ್ದುಕೊಂಡರೆ ಸಾಕಲ್ಲ ಎಂದ ಆರನೆಯವನ ಬಣ್ಣ ಬಿಳಿ. ಒಂದೇ ಮರ, ಒಂದೇ ಸಮೃದ್ಧಿ, ಆರು ಕೈಗಳು. ಮಕ್ಕಳಿಗೆ ಬಣ್ಣದ ಪಾಠವನ್ನೂ ಹಸಿವಿನ ಪಾಠವನ್ನೂ ಒಟ್ಟಿಗೆ ಹೇಳಿಕೊಡುವ ಇಂಥ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಆರನೆಯವನನ್ನು ನೆನೆದಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ದಿನದ ಬೇಕಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಆಕೆ ಹಿಂದಕ್ಕೆ ಕಳಿಸಿದಳು. ಕೊಯ್ದ ಹೊಲದಲ್ಲಿ ಉಳಿದ ತೆನೆ ಆಯುವುದಕ್ಕೆ ನಮ್ಮಲ್ಲಿ ಹಕ್ಕಲು ಆಯುವುದು ಎನ್ನುತ್ತಾರೆ. ಫ್ರಾನ್ಸಿನ ಮಿಲೆ 1857ರಲ್ಲಿ ಬೆನ್ನು ಬಾಗಿಸಿ ಹಕ್ಕಲು ಆಯುವ ಮೂವರು ಹೆಂಗಸರನ್ನು ಬರೆದ. ಅವರ ಹಿಂದೆ, ದೂರದಲ್ಲಿ, ಬಿಸಿಲಿನಲ್ಲಿ ಹೊಳೆಯುವ ದೊಡ್ಡ ಬಣವೆಗಳು. ರಾಶಿ ದೂರದಲ್ಲಿ, ಬಾಗಿದ ಬೆನ್ನು ಹತ್ತಿರದಲ್ಲಿ: ಆ ಚಿತ್ರದ ಶಕ್ತಿಯೆಲ್ಲ ಈ ಅಳತೆಯಲ್ಲಿದೆ.

ನಾನು ಚಿತ್ರದುರ್ಗದವನು, ಬರದ ಸೀಮೆಯವನು ಸಮೃದ್ಧಿಯ ಬಗ್ಗೆ ಬರೆಯುವಾಗ ಕೋಟೆಯನ್ನು ಬಿಟ್ಟು ಬರೆಯಲಾರ. ನಮ್ಮ ಕೋಟೆಯಲ್ಲಿ ತುಪ್ಪದ ಕೊಳ ಎಂಬ ಜಾಗವಿದೆ. ಮಕ್ಕಳನ್ನು ಕರೆದುಕೊಂಡು ಹತ್ತಿದಾಗಲೆಲ್ಲ ಯಾರಾದರೂ ಒಬ್ಬರು, ಇಲ್ಲಿ ನಿಜವಾಗಿ ತುಪ್ಪವೇ ತುಂಬಿತ್ತೇ ಎಂದು ಕೇಳುತ್ತಾರೆ. ಕೇಳುವಾಗ ಅವರ ಕಣ್ಣಲ್ಲಿ ಅದಾಗಲೇ ತುಂಬಿರುತ್ತದೆ. ಮುತ್ತಿಗೆಯ ಭಯದಲ್ಲಿ ಕಣಜ ಕಟ್ಟಿ, ಬಂಡೆಯ ಸಂದಿನ ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಉಳಿಸಿದ ಜನರ ಊರು ಇದು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆ ಕಳೆದುಕೊಂಡ ಜನ ಹತ್ತಿರ ಹತ್ತಿರ ಹತ್ತು ಲಕ್ಷ. ನಮ್ಮ ಕಣಗಳಲ್ಲಿ ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸುತ್ತಿದ್ದುದು, ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದುದು, ಅಳೆಯುವ ಹೊತ್ತಿನಲ್ಲಿ ಯಾರೂ ಮಾತಾಡದೆ ನಿಲ್ಲುತ್ತಿದ್ದುದು, ಇವೆಲ್ಲ ಆ ನೆನಪಿನಿಂದ ಬಂದ ಭಯಭಕ್ತಿ. ಕಾಳಿನ ರಾಶಿ, ಅದರ ತುದಿಯಲ್ಲಿ ಹಸಿರು ಗರಿಕೆಯ ಎರಡೆಳೆ: ಇದನ್ನು ನಾನು ನಮ್ಮ ಸೀಮೆಯ ಅತ್ಯುತ್ತಮ ಶಿಲ್ಪವೆಂದೇ ಎಣಿಸುತ್ತೇನೆ.

ಹಸಿವನ್ನೇ ನೇರವಾಗಿ ಬರೆದವರನ್ನೂ ಮಕ್ಕಳು ತಿಳಿದಿರಬೇಕು. 1943ರ ಬಂಗಾಳದ ಕ್ಷಾಮದಲ್ಲಿ ಜೈನುಲ್ ಆಬೆದಿನ್ ಮತ್ತು ಚಿತ್ತಪ್ರಸಾದ್ ಬೀದಿಯಲ್ಲಿ ಬಿದ್ದವರನ್ನು ಕಪ್ಪು ಮಸಿಯ ಗೆರೆಗಳಲ್ಲಿ ಬರೆದರು. ಚಿತ್ತಪ್ರಸಾದರ ಪುಸ್ತಿಕೆಯ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟುಹಾಕಿತು.

ಈ ಕಾಲದ ಕಲಾವಿದರ ಕಷ್ಟ ಬೇರೆ ಬಗೆಯದು. ಹಿಂದಿನವರು ಕನಸಿನಲ್ಲಿ ಕಂಡ ನಾಡು ಇವರ ಮನೆಯ ಪಕ್ಕದ ಅಂಗಡಿಯಲ್ಲೇ ನಿಂತಿದೆ. ಜರ್ಮನಿಯ ಛಾಯಾಗ್ರಾಹಕ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ, ಎಲ್ಲ ವಸ್ತುವಿಗೂ 99 ಸೆಂಟ್ ಬೆಲೆಯ ಅಮೆರಿಕದ ಅಂಗಡಿಯೊಂದನ್ನು ಸೆರೆಹಿಡಿದ. ಮೂರು ಮೀಟರಿಗೂ ಅಗಲವಾದ ಆ ಚಿತ್ರದಲ್ಲಿ ಸಾಲುಸಾಲು ಬಣ್ಣದ ಪೊಟ್ಟಣಗಳು ದಿಗಂತದವರೆಗೆ ಹರಡಿವೆ. ಸಾಲುಗಳ ನಡುವೆ ಕೊಳ್ಳುವವರ ತಲೆಗಳು ಮಾತ್ರ ಅಲ್ಲಲ್ಲಿ ತೇಲುತ್ತವೆ. ಬಿತ್ತಿದವರು, ಬೆಳೆದವರು, ಕಟ್ಟಿದವರು ಯಾರೂ ಇಲ್ಲ. ಕೋಲು ಪೂರ್ತಿ ಅಳಿಸಿಹೋಗಿದೆ. ನ್ಯೂಯಾರ್ಕಿನ ವಿಲ್ ಕಾಟನ್ ನಿಮ್ಮ ಮಕ್ಕಳಿಗೆ ಬಹಳ ಹತ್ತಿರದವನು: ನಿಜವಾದ ಕೇಕು ಮಿಠಾಯಿಗಳಿಂದ ತನ್ನ ಕೋಣೆಯಲ್ಲಿ ಗುಡ್ಡ, ಮನೆಗಳ ಮಾದರಿ ಕಟ್ಟಿ, ಅದನ್ನು ನೋಡಿಕೊಂಡು ಹಳೆಯ ಯುರೋಪಿನ ಪ್ರಕೃತಿಚಿತ್ರಗಳ ಗಾಂಭೀರ್ಯದಲ್ಲಿ ಬರೆಯುತ್ತಾನೆ. ನನಗೆ ಅವು ಬೇಗ ಸಾಕೆನಿಸುತ್ತವೆ. ಹುಡುಕುವುದಕ್ಕೆ ಒಂದು ಕೋಲೂ ಇಲ್ಲ. ವಿನ್ಸೆಂಟ್ ಡೆಸಿಡೆರಿಯೊ ಎಂಬ ಅಮೆರಿಕದ ಚಿತ್ರಕಾರ ಕೊಕಾನ್ಯ ಎಂಬ ಆ ಸವಿನಾಡಿನ ಹೆಸರನ್ನೇ ಇಟ್ಟ ದೊಡ್ಡ ಚಿತ್ರವೊಂದನ್ನು 1993ರಿಂದ 2003ರವರೆಗೆ ಬರೆದ. ಅದರಲ್ಲಿ ಉಂಡು ಬಿಟ್ಟ ತಟ್ಟೆಗಳ ಮೇಜಿನ ಸುತ್ತ ನೆಲದ ತುಂಬ ಕಲೆಯ ಪುಸ್ತಕಗಳು ತೆರೆದು ಬಿದ್ದಿವೆ. ತಿಂದು ತೇಗಿದ ಮೇಲೆ ಚಿತ್ರಗಳೂ ಎಂಜಲಾಗುತ್ತವೆಯೇ ಎಂಬ ಅವನ ಭಯ ನನ್ನದೂ ಹೌದು.

ಈ ಪೈಕಿ ನನ್ನ ಮನಸ್ಸಿನಲ್ಲಿ ನಿಂತದ್ದು ಅಮೆರಿಕದ ಕಲಾವಿದೆ ಕಾರಾ ವಾಕರ್ 2014ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಹಳೆಯ ಸಕ್ಕರೆ ಕಾರ್ಖಾನೆಯಲ್ಲಿ ಮಾಡಿದ ಶಿಲ್ಪ. ಕಪ್ಪು ಹೆಂಗಸಿನ ಮುಖ, ತಲೆಗೆ ಕಟ್ಟಿದ ವಸ್ತ್ರ, ಸಿಂಹದಂತೆ ಕುಳಿತ ಮೈ. ಮನೆಗಿಂತ ಎತ್ತರದ ಆ ಆಕೃತಿಗೆ ಮೆತ್ತಿದ್ದು ಬೆಳ್ಳಗಿನ ಸಕ್ಕರೆ. ಸುತ್ತ ಬುಟ್ಟಿ ಹೊತ್ತ ಹುಡುಗರ ಕಾಕಂಬಿ ಬಣ್ಣದ ಬೊಂಬೆಗಳು. ಅವುಗಳಲ್ಲಿ ಕೆಲವು ಪ್ರದರ್ಶನ ನಡೆದಂತೆಲ್ಲ ಕರಗಿ ನೆಲಕ್ಕೆ ಇಳಿದವು. ಅಮೆರಿಕದ ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರನ್ನು ಆಕೆ ಸಕ್ಕರೆಯೊಳಗಿಂದಲೇ ಹೊರಗೆ ತಂದು ನಿಲ್ಲಿಸಿದಳು. ಮುಚ್ಚಿಟ್ಟ ಕೋಲನ್ನು ಇಷ್ಟು ಎತ್ತರಕ್ಕೆ ಎತ್ತಿ ಹಿಡಿದವರು ಕಡಿಮೆ. ಭದ್ರಾ ನಾಲೆಯ ಕಬ್ಬನ್ನು ಕಂಡು ಬೆಳೆದ ನಿಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಾಗದು.

ನಮ್ಮ ಸುಬೋಧ್ ಗುಪ್ತಾ ಬಿಹಾರದವರು. ಮನೆಮನೆಯ ಸ್ಟೀಲ್ ತಟ್ಟೆ, ಲೋಟ, ಟಿಫನ್ ಡಬ್ಬಿಗಳೇ ಅವರ ಸಾಮಗ್ರಿ. 2006ರಲ್ಲಿ ಅವರು ಥಳಥಳಿಸುವ ಪಾತ್ರೆಗಳನ್ನು ಜೋಡಿಸಿ ಒಂದು ದೈತ್ಯ ತಲೆಬುರುಡೆ ಮಾಡಿ ಅದಕ್ಕೆ ‘ಬಹಳ ಹಸಿದ ದೇವರು’ ಎಂಬರ್ಥದ ಹೆಸರಿಟ್ಟರು. ಪಂಪನ ಕಾಲದವರು ಭಾಜನಾಂಗ ವೃಕ್ಷವೆಂದು ಕಲ್ಪಿಸಿದ್ದು ನೆನಪಿದೆಯಲ್ಲ. ಕೊಟ್ಟಷ್ಟೂ ಮುಗಿಯದ ಪಾತ್ರೆಗಳು ಇಲ್ಲಿವೆ, ಆದರೆ ಎಲ್ಲವೂ ಬರಿದು. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ಅಂದಾಜಿನಂತೆ 2022ರೊಂದರಲ್ಲೇ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಿಂದ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು. ಅದರಲ್ಲಿ ಹೆಚ್ಚಿನ ಪಾಲು ಮನೆಗಳದೇ. ನಮ್ಮೂರ ಕಲ್ಯಾಣಮಂಟಪಗಳ ಹಿಂಬಾಗಿಲಲ್ಲಿ ಮುಟ್ಟದ ಹೋಳಿಗೆ ಸಮೇತ ಮಡಿಸಿ ಎಸೆದ ಬಾಳೆಲೆಗಳ ರಾಶಿಯನ್ನು ನೋಡಿದವರಿಗೆ ಈ ಸಂಖ್ಯೆಯನ್ನು ನಂಬಲು ಕಷ್ಟವಾಗುವುದಿಲ್ಲ.

ಇನ್ನು ಮಕ್ಕಳ ಚಿತ್ರಗಳ ಮಾತು. ಯಾವುದನ್ನೂ ತಿದ್ದಿಸಬೇಡಿ, ಪಿಜ್ಜಾ ಅಳಿಸಿ ರಾಗಿಮುದ್ದೆ ಬರೆ ಎಂದು ಹೇಳಿದರೆ ಮಗು ಸುಳ್ಳು ಬರೆಯುವುದನ್ನು ಕಲಿಯುತ್ತದೆ. ಪ್ರತಿ ಚಿತ್ರದ ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಹಾಳೆಗೆ ಜಾಗ ಬಿಡಿ, ಅದರಲ್ಲಿ ಆ ತಿನಿಸು ಯಾರ ಕೈಯಿಂದ ಬಂತೋ ಆ ಕೈಯನ್ನು ಬರೆಯಿಸಿ. ಆ ಕೈಯನ್ನು ಅವರು ಊಹಿಸಿ ಬರೆಯಬಾರದು, ನೋಡಿ ಬರೆಯಬೇಕು. ಐಸ್‌ಕ್ರೀಮಿನ ಬೆಟ್ಟ ಬರೆದವರು ಬೆಳಗಿನ ಜಾವ ಹಾಲು ಕರೆಯುವಲ್ಲಿಗೆ ಹೋಗಲಿ.

ಬೆಣ್ಣೆದೋಸೆಯ ಹುಡುಗನನ್ನು ಎರಡು ಕಡೆ ಕರೆದುಕೊಂಡು ಹೋಗಿ. ಮೊದಲು ದೋಸೆ ಹೊಯ್ಯುವ ಒಲೆಯ ಮುಂದೆ: ಉರಿಯ ಎದುರು ನಿಂತು ಒಂದು ಕೈಯಲ್ಲಿ ಹಿಟ್ಟು ಹರಡುತ್ತ ಇನ್ನೊಂದು ಕೈಯಲ್ಲಿ ಬೆಣ್ಣೆ ಹಾಕುವವರ ಮೊಣಕೈ ಹೇಗೆ ತಿರುಗುತ್ತದೆ ಎಂದು ಅವನು ನೋಡಲಿ. ಆಮೇಲೆ ಮಂಡಕ್ಕಿ ಭಟ್ಟಿಗೆ, ಏಕೆಂದರೆ ನಿಮ್ಮೂರಿನ ದೋಸೆಯ ಹಿಟ್ಟಿಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಅವನ ಹಾಸಿಗೆಯ ಮೆದುವಿನಲ್ಲಿ ಭಟ್ಟಿಯವರ ಪಾಲೂ ಇದೆ. ಕಾದ ಮರಳಿಗೆ ಉಪ್ಪುಹಚ್ಚಿದ ಅಕ್ಕಿ ಬಿದ್ದ ಕ್ಷಣ ಮಾಡುವ ಸದ್ದನ್ನು, ಅದು ಕಣ್ಣೆದುರೇ ಬೆಳ್ಳಗೆ ಉಬ್ಬುವುದನ್ನು, ಜರಡಿ ಹಿಡಿದವರ ಹುಬ್ಬಿನ ಮೇಲೆ ಕುಳಿತ ಹೊಟ್ಟಿನ ಬೂದಿಯನ್ನು ಅವನು ಹತ್ತಿರ ನಿಂತು ನೋಡಬೇಕು. ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಒಳಗೆ ನಿಲ್ಲುವುದು ಮಕ್ಕಳಿಗೆ ಆಗುವುದಿಲ್ಲ. ಬಣ್ಣದ ಪೆಟ್ಟಿಗೆ ಒಯ್ಯಬೇಡಿ. ದಪ್ಪ ಹಾಳೆ, ಇದ್ದಿಲಿನ ತುಂಡು ಇಷ್ಟು ಸಾಕು. ಮಂಡಕ್ಕಿಯ ಬಿಳುಪಿಗೆ ಹಾಳೆಯನ್ನೇ ಖಾಲಿ ಬಿಡುವುದು ಹೇಗೆಂದು ಅಲ್ಲೇ ಹೇಳಿಕೊಡಿ. ಪ್ರದರ್ಶನಕ್ಕೆ ಆ ಭಟ್ಟಿಯವರನ್ನೂ ದೋಸೆ ಹೊಯ್ಯುವವರನ್ನೂ ಕರೆಯಿರಿ. ತಮ್ಮ ಕೈಯನ್ನು ಅವರು ಆ ಎರಡನೆಯ ಹಾಳೆಯಲ್ಲಿ ಗುರುತಿಸುತ್ತಾರೋ ನೋಡೋಣ.